ಭಾಟಘರ್ ಜಲಾಶಯದ ಜಮಾಖರ್ಚು: ಒಂದು ವಿಮರ್ಶೆ

ಪುಣೆಯಿಂದ ದಕ್ಷಿಣಕ್ಕೆ ಐವತ್ತು ಕಿಲೋಮೀಟರಿಗೆ ತುಸು ಮಿಕ್ಕ ದೂರದಲ್ಲಿ, ಸಹ್ಯಾದ್ರಿಯ ಮಗ್ಗುಲಲ್ಲಿ, ಭೋರ್ ಎಂಬ ಚಿಕ್ಕ ಪಟ್ಟಣವಿದೆ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಅದು ಪಂತ ಸಚಿವರ ಮನೆತನದ ಸಂಸ್ಥಾನದ ರಾಜಧಾನಿಯಾಗಿತ್ತು. ಈಗ ಪುಣೆ ಜಿಲ್ಲೆಯ ಒಂದು ತಾಲೂಕಿನ ಮುಖ್ಯಸ್ಥಳ. ಅದರ ಸಮೀಪದಲ್ಲಿ ವೇಳವಂಡಿ ಎಂಬ ನದಿಗೆ ಅಡ್ಡವಾಗಿ ಕಟ್ಟಿರುವ ಭಾಟಘರ್ ಅಣೆಕಟ್ಟು 190 ಅಡಿ ಎತ್ತರವುಳ್ಳದ್ದು, ಒಂದು ಮೈಲಿಗಿಂತ ತುಸು ಹೆಚ್ಚು ಉದ್ದವುಳ್ಳದ್ದು. ಅದರ ಹಿಂದೆ ನಿಲ್ಲುವ ನೀರು ಸುಮಾರು 2,400 ಕೋಟಿ ಘನ ಅಡಿ, ಎಂದರೆ ಇಂದಿನ ವ್ಯವಹಾರದ ಮಾತಿನಲ್ಲಿ 24 ಟಿ.ಎಂ.ಸಿ. ಈ ನೀರು ನೀರಾ ನದಿಗೆ ಇಳಿದು, ವೀರ್ ಎಂಬಲ್ಲಿ ಎರಡು ಕಾಲುವೆಗಳಾಗಿ ಒಡೆದು, ಎಡಕ್ಕೆ ಬಾರಾಮತಿ ಇಂದಾಪುರಗಳಿಗೂ ಬಲಕ್ಕೆ ಫಲಟಣ ಮಾಳಶಿರಸಗಳಿಗೂ ಹೋಗುತ್ತದೆ. ಮಿಕ್ಕದ್ದು ನರಸಿಂಹಪುರದ ಸಂಗಮದಲ್ಲಿ ಭೀಮೆಯನ್ನು ಸೇರಿ, ಕಲಬುರಗಿಯ ಸೀಮೆಯನ್ನು ಹಾದು, ಕೃಷ್ಣೆಯಲ್ಲಿ ಕೂಡುತ್ತದೆ. ಆದುದರಿಂದ ಭೋರಿನ ಮಳೆಯ ಲೆಕ್ಕವು ಪುಣೆಯಲ್ಲಿ ನೆಲೆಸಿದ ಕನ್ನಡಿಗನಿಗೆ ಪರರ ಲೆಕ್ಕವೇನೂ ಅಲ್ಲ.

ಈ ಜಲಾಶಯದ ಕಟ್ಟೋಣವನ್ನು ಕುರಿತು ಎಂಜಿನಿಯರರು ಬೇಕಾದಷ್ಟು ಬರೆದಿದ್ದಾರೆ. ಅದಕ್ಕೆ ಸಂದ ಹಣದ ವಿಚಾರವು ಮಾತ್ರ ಸರಕಾರಿ ವರದಿಗಳ ಕೋಷ್ಟಕಗಳಲ್ಲಿ ಹುದುಗಿಹೋಗಿದೆ. ನೀರನ್ನು ಕೂಡಿಡುವುದು ಒಂದು ಬಗೆಯ ಠೇವಣಿಯ ವ್ಯವಹಾರವೇ ಸರಿ. ಆಷಾಢ ಶ್ರಾವಣಗಳಲ್ಲಿ ಜಮೆಯಾದದ್ದನ್ನು ಮಾಘ ಚೈತ್ರಗಳಲ್ಲಿ ತೆಗೆಯುವುದು ಅದರ ಕ್ರಮ. ಆದರೆ ಬ್ಯಾಂಕಿನಲ್ಲಿ ಜಮೆ ಮಾಡಿದವನೇ ಹಣ ತೆಗೆಯುತ್ತಾನೆ, ಇಲ್ಲಿ ಹಾಗಲ್ಲ. ನೆಲ ಕೊಟ್ಟವರು ಒಬ್ಬರು, ಹಣ ಕೊಟ್ಟವರು ಇನ್ನೊಬ್ಬರು, ನೀರು ತೆಗೆದುಕೊಳ್ಳುವವರು ಮತ್ತೊಬ್ಬರು. ಈ ಮೂವರ ಸಂಬಂಧವನ್ನು ಯಾವ ಲೆಕ್ಕದ ಶೀರ್ಷಿಕೆಯ ಕೆಳಗೆ ಬರೆಯಲಾಯಿತೋ ಆ ಶೀರ್ಷಿಕೆಯೇ ಮುಂದೆ ನೀರಿನ ದಾರಿಯನ್ನೂ ನಿರ್ಣಯಿಸಿತು ಎಂಬುದನ್ನು ಭಾಟಘರಿನ ಚರಿತ್ರೆ ತೋರಿಸಿಕೊಡುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ನೀರಾವರಿಯನ್ನು ಖಾಸಗಿ ಕಂಪನಿಗಳ ಕೈಗೊಪ್ಪಿಸುವ ಪ್ರಯೋಗ ನಡೆಯಿತು. 1858ರಲ್ಲಿ ಹುಟ್ಟಿದ ಮದ್ರಾಸ್ ಇರಿಗೇಶನ್ ಕಂಪನಿಯು ಹತ್ತು ಲಕ್ಷ ಪೌಂಡುಗಳ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಯ ಖಾತರಿಯನ್ನು ಸರಕಾರದಿಂದ ಪಡೆದು, ತುಂಗಭದ್ರೆಯ ನೀರನ್ನು ಕರ್ನೂಲು ಕಡಪೆಗಳ ಕಡೆಗೆ ಒಯ್ಯುವ ಕಾಲುವೆಯನ್ನು ಕೈಗೊಂಡಿತು. ಕಾಲುವೆ ಗಳಿಸಲಿ ಗಳಿಸದಿರಲಿ, ಲಂಡನ್ನಿನ ಪಾಲುದಾರನಿಗೆ ಬಡ್ಡಿ ತಪ್ಪುವಂತಿರಲಿಲ್ಲ. ಹೀಗಿರುವಾಗ ಮಿತವ್ಯಯದ ಹಂಬಲ ಯಾರಿಗೆ ಹುಟ್ಟೀತು? 1882ರಲ್ಲಿ ಸರಕಾರವೇ ಆ ಕಾಲುವೆಯನ್ನು ಕೊಂಡುಕೊಳ್ಳಬೇಕಾಯಿತು. ಅಷ್ಟರಲ್ಲಿ, 1860ರ ದಶಕ ಮುಗಿಯುವ ಮುನ್ನವೇ, ವೈಸರಾಯ್ ಲಾರೆನ್ಸನ ಆಡಳಿತವು ಸರಕಾರವೇ ಸಾಲವೆತ್ತಿ ಕಾಲುವೆ ತೋಡಬೇಕೆಂಬ ನೀತಿಯನ್ನು ಒಪ್ಪಿಕೊಂಡಿತ್ತು. ಸಾಲದಿಂದ ಕಟ್ಟಿದ್ದು ಸಾಲದ ಬಡ್ಡಿಯನ್ನು ತಾನೇ ದುಡಿಯಬೇಕು ಎಂಬುದು ಅದಕ್ಕೆ ಹಾಕಿದ ನಿಯಮ. ಮುಗಿದ ಹತ್ತು ವರ್ಷಗಳೊಳಗೆ ಬಡ್ಡಿಯನ್ನು ತೀರಿಸಬಲ್ಲ ಕಾಮಗಾರಿಗೆ ಉತ್ಪಾದಕವೆಂದು ಹೆಸರಾಯಿತು.

ಪಂಜಾಬಿನಲ್ಲಿ, ಗಂಗೆಯ ಬಯಲಿನಲ್ಲಿ, ಈ ನಿಯಮ ಸಾಗಿತು. ಹಿಮದ ನೀರಿನಿಂದ ವರ್ಷವಿಡೀ ಹರಿಯುವ ನದಿಗೆ ತಡೆಯೊಡ್ಡಿ ಕಾಲುವೆಗೆ ತಿರುಗಿಸಿದರಾಯಿತು, ಕೂಡಿಡುವ ಖರ್ಚಿಲ್ಲ. ದಖ್ಖನದ ನದಿಗಳ ಬಾಳು ನಾಲ್ಕು ತಿಂಗಳಿನದು. ಇಲ್ಲಿ ಮೊದಲು ಕಲ್ಲಿನ ಕಟ್ಟೆ, ಆಮೇಲೆ ಕಾಲುವೆ. ನೀರಾವರಿಯಾದ ಎಕರೆಯೊಂದಕ್ಕೆ ಬೀಳುವ ವೆಚ್ಚವನ್ನು ಬಡ್ಡಿಯ ತಕ್ಕಡಿಯಲ್ಲಿಟ್ಟು ತೂಗಿದರೆ ದಖ್ಖನಕ್ಕೆ ಒಂದು ಅಣೆಕಟ್ಟೂ ಬರುವಂತಿರಲಿಲ್ಲ. 1876ರಿಂದ 1878ರವರೆಗಿನ ಬರವು ಈ ತಕ್ಕಡಿಯನ್ನು ಅಲುಗಿಸಿತು. 1878ರಲ್ಲಿ ಸರಕಾರವು ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಗಳ ಬರ ವಿಮಾ ನಿಧಿಯನ್ನು ಏರ್ಪಡಿಸಿ, ಅದಕ್ಕಾಗಿ ವ್ಯಾಪಾರಸ್ಥರ ಮೇಲೆ ಪರವಾನಗಿ ತೆರಿಗೆಯನ್ನು ವಿಧಿಸಿತು. ಆ ತೆರಿಗೆಯ ವಿರುದ್ಧ ಅದೇ ವರ್ಷ ಸೂರತಿನಲ್ಲಿ ದಂಗೆಯೇ ಎದ್ದಿತು. ಬರಕ್ಕೆಂದು ತೆತ್ತ ಹಣವು ಆಫ್ಘನ್ ಯುದ್ಧದ ಕಡೆಗೆ ಹರಿಯಿತೆಂಬ ಆಕ್ಷೇಪವನ್ನು ಅಂದಿನ ರಾಷ್ಟ್ರೀಯರು ಪಟ್ಟುಹಿಡಿದು ಎತ್ತಿದರು. ಆದರೂ ಈ ನಿಧಿಯಿಂದ ಒಂದು ಹೊಸ ಶೀರ್ಷಿಕೆ ಹುಟ್ಟಿತೆಂಬುದನ್ನು ಒಪ್ಪಬೇಕು. ಬಡ್ಡಿ ಗಳಿಸದಿದ್ದರೂ ಬರದ ಪರಿಹಾರದ ವೆಚ್ಚವನ್ನು ಉಳಿಸಬಲ್ಲ ಕಾಮಗಾರಿಯು ರಕ್ಷಣಾತ್ಮಕವೆನಿಸಿತು. ಅದನ್ನು ಸಾಲದಿಂದಲ್ಲ, ಕಂದಾಯದ ಹಣದಿಂದ ಕಟ್ಟಬಹುದಾಯಿತು. ನೀರಾ ಕಾಲುವೆ ಸೇರಿದ್ದು ಈ ಎರಡನೆಯ ಶೀರ್ಷಿಕೆಯ ಕೆಳಗೆ. ಎಂಜಿನಿಯರ್ ವ್ಹೈಟಿಂಗನ ಹೆಸರನ್ನು ಹೊತ್ತ ಭೋರಿನ ಮೊದಲ ಕೆರೆ ತುಂಬಿದ್ದು ಹೀಗೆ.

ಶೀರ್ಷಿಕೆ ರಕ್ಷಣೆಯದಾದರೂ ಲೆಕ್ಕ ತಪಾಸಣೆಯ ಕಣ್ಣು ಉತ್ಪಾದನೆಯ ಮೇಲೆಯೇ ಇತ್ತು. ವರ್ಷವರ್ಷವೂ ಕಾಲುವೆಯ ಹುಟ್ಟುವಳಿಯನ್ನು ಬಂಡವಾಳದ ಶೇಕಡಾವಾರು ತೋರಿಸಬೇಕಾಗಿತ್ತು. ಆ ಅಂಕಿಯನ್ನು ಏರಿಸಬಲ್ಲ ಬೆಳೆ ಒಂದೇ, ಕಬ್ಬು. ಜೋಳದ ರೈತನು ಮಳೆ ಕೈಕೊಟ್ಟ ವರ್ಷ ಮಾತ್ರ ನೀರು ಬೇಡುತ್ತಾನೆ. ಕಬ್ಬಿನವನು ಹನ್ನೆರಡು ತಿಂಗಳೂ ಬೇಡುತ್ತಾನೆ, ಹೆಚ್ಚಿನ ದರವನ್ನೂ ತೆರುತ್ತಾನೆ. ಬರದಿಂದ ಕಾಪಾಡಲೆಂದು ಕಟ್ಟಿದ ಕಾಲುವೆಯು ಹೀಗೆ ಬರಗಾಲದ ಹೊಲವನ್ನು ಬಿಟ್ಟು, ತಲೆಯ ಭಾಗದ ಕೆಲವು ಹಳ್ಳಿಗಳ ಕಬ್ಬಿನ ತೋಟಗಳಲ್ಲಿ ನಿಂತಿತು. ನೀರು ಅತಿಯಾಗಿ ಹಲವೆಡೆ ನೆಲ ಚೌಳಾಯಿತು.

ಈ ಘಟ್ಟದಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಪ್ರವೇಶವಾಯಿತು. ಶತಮಾನದ ತಿರುವಿನಲ್ಲಿ ಪುಣೆ ಜಿಲ್ಲೆಯ ನೀರಾವರಿಯ ಹೊಣೆ ಹೊತ್ತಿದ್ದ ಅವರು ನೀರಾ ಕಾಲುವೆಯ ಮೇಲೆ ಬ್ಲಾಕ್ ಪದ್ಧತಿಯನ್ನು ಜಾರಿಗೆ ತಂದರು. ಊರೂರಿನಲ್ಲಿ ನಿರ್ದಿಷ್ಟವಾದ ಹೊಲಗಳ ಗುಂಪನ್ನು ಗುರುತಿಸುವುದು, ಅದರಲ್ಲಿ ಒಂದು ಭಾಗಕ್ಕೆ ಮಾತ್ರ ಕಬ್ಬನ್ನು ಅನುಮತಿಸುವುದು, ಉಳಿದದ್ದರಲ್ಲಿ ಕಡಮೆ ನೀರಿನ ಬೆಳೆಗಳನ್ನು ಸರದಿಯ ಮೇಲೆ ತೆಗೆಯಿಸುವುದು, ನೀರಿನ ಭರವಸೆಯನ್ನು ಹಲವು ವರ್ಷಗಳ ಕರಾರಿನಿಂದ ಕೊಡುವುದು, ಇವು ಅದರ ಅಂಗಗಳು. ವಿಶ್ವೇಶ್ವರಯ್ಯನವರ ಖ್ಯಾತಿಯನ್ನು ಹೇಳುವಾಗ ನಮ್ಮವರು 1903ರ ಖಡಕವಾಸಲೆಯ ಸ್ವಯಂಚಾಲಿತ ಬಾಗಿಲುಗಳನ್ನು ಮರೆಯದೆ ಹೇಳುತ್ತಾರೆ. ಕಟ್ಟೆಯನ್ನು ಎತ್ತರಿಸದೆ ನೀರನ್ನು ಹೆಚ್ಚಿಸಿದ ಆ ಚಾತುರ್ಯ ಮೆಚ್ಚತಕ್ಕದ್ದೇ. ಆದರೆ ಹಣಕಾಸಿನ ದೃಷ್ಟಿಯಿಂದ ನೋಡಿದರೆ ಬ್ಲಾಕ್ ಪದ್ಧತಿಯು ಬಾಗಿಲುಗಳಿಗಿಂತ ದೊಡ್ಡ ಸಾಧನೆ. ಹೊಸ ಬಂಡವಾಳದ ಭಾರವನ್ನು ಹೊರಿಸದೆ ಅದೇ ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚಿದ ಕ್ರಮ ಅದು. ಮುಂದೆ ಮಂಡ್ಯದ ಕಾಲುವೆಯ ಕೆಳಗೆ ಕಬ್ಬು, ಬತ್ತ, ರಾಗಿಗಳ ಮೂರು ವರ್ಷದ ಸರದಿಯಾಗಿ ಕನ್ನಡ ನೆಲದಲ್ಲಿ ಬೇರೂರಿದ್ದು ನೀರಾ ದಂಡೆಯ ಈ ಸಸಿಯೇ.

ಅದರ ಮಿತಿಯನ್ನೂ ಹೇಳದೆ ಬಿಡುವಂತಿಲ್ಲ. ಆ ಪದ್ಧತಿಯು ನೀರನ್ನು ಹರಡಿತು. ನೀರನ್ನು ಅಳೆಯುವ ಮಾನದಂಡವನ್ನು ಬದಲಿಸಲಿಲ್ಲ. ಕಾಲುವೆ ಎಷ್ಟು ಗಳಿಸಿತು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. 1901ರಿಂದ 1903ರವರೆಗಿನ ನೀರಾವರಿ ಆಯೋಗವು ದಖ್ಖನದಲ್ಲಿ ರಕ್ಷಣಾತ್ಮಕ ಜಲಾಶಯಗಳನ್ನು ಹೆಚ್ಚಿಸಬೇಕೆಂದು ಹೇಳಿದ ಮೇಲೆ ಭೋರಿನ ಹಳೆಯ ಕಟ್ಟೆಯ ಸ್ಥಾನದಲ್ಲಿ ಭಾರಿಯಾದ ಹೊಸ ಕಟ್ಟೆ ಏಳುವುದೆಂದಾಯಿತು. ಅದರ ಕೆಲಸ 1920ರ ದಶಕದ ಕೊನೆಯ ಹೊತ್ತಿಗೆ ಮುಗಿದು, ಮುಂಬಯಿಯ ಗವರ್ನರ್ ಜಾರ್ಜ್ ಲಾಯ್ಡನ ಹೆಸರನ್ನು ಪಡೆಯಿತು. ಸಿಂಧದ ಸಕ್ಕರಿನಲ್ಲಿ 1932ರಲ್ಲಿ ತೆರೆದ ಬ್ಯಾರೇಜಿಗೂ ಅದೇ ಹೆಸರು. ಒಂದೇ ಸರಕಾರ, ಒಂದೇ ಹೆಸರು, ಎರಡು ನದಿಗಳು! ಆದರೆ 1936ರಲ್ಲಿ ಸಿಂಧವು ಬೇರೆಯಾದಾಗ ಬ್ಯಾರೇಜಿನ ಸಾಲವು ಬ್ಯಾರೇಜಿನ ಜೊತೆಗೇ ಹೋಯಿತು. ನೀರು ಯಾರದೋ ಸಾಲವೂ ಅವರದು ಎಂಬ ನ್ಯಾಯ ಅಲ್ಲಿ ಚೊಕ್ಕಟವಾಗಿ ನಡೆಯಿತು. ಭೋರಿನಲ್ಲಿ ಅಂಥ ವಿಭಜನೆಗೆ ಆಸ್ಪದವಿರಲಿಲ್ಲ. ಕಟ್ಟೆ ಒಂದು ಸಂಸ್ಥಾನದ ನೆಲದಲ್ಲಿ, ಎಡದಂಡೆಯ ಹೊಲಗಳು ಬ್ರಿಟಿಶ್ ಜಿಲ್ಲೆಯಲ್ಲಿ, 1938ರಲ್ಲಿ ಹರಿಯತೊಡಗಿದ ಬಲದಂಡೆಯ ಒಂದು ಭಾಗ ಫಲಟಣವೆಂಬ ಇನ್ನೊಂದು ಸಂಸ್ಥಾನದಲ್ಲಿ.

ಹೊಸ ಕಟ್ಟೆಯ ಬಡ್ಡಿ ಹೊಸ ಕಬ್ಬನ್ನು ಬೇಡಿತು. 1932ರಲ್ಲಿ ದಖ್ಖನದ ಕಾಲುವೆಗಳ ಹಣಕಾಸಿನ ಸುಧಾರಣೆಯನ್ನು ವಿಚಾರಿಸಿದ ಮುಂಬಯಿ ಸರಕಾರದ ಸಮಿತಿಯು ಸಕ್ಕರೆ ಕಾರಖಾನೆಗಳಿಗೆ ಉತ್ತೇಜನ ಕೊಡುವುದೇ ಮಾರ್ಗವೆಂದು ಕಂಡಿತು. ಅದೇ ವರ್ಷ ಸಕ್ಕರೆಗೆ ಆಮದು ಸುಂಕದ ರಕ್ಷಣೆಯೂ ದೊರೆಯಿತು. ವಾಲಚಂದನಗರ, ಮಾಳೀನಗರಗಳು ಎದ್ದದ್ದು ಆ ದಶಕದಲ್ಲಿ. ಕಾರಖಾನೆಗಳನ್ನು ದೂರುವುದು ಇಲ್ಲಿ ಉದ್ದೇಶವಲ್ಲ. ಬರದ ನಿಧಿಯಿಂದ ಆರಂಭವಾದದ್ದು ಸಕ್ಕರೆಯ ಆಸರೆಯಲ್ಲಿ ಉಳಿಯಬೇಕಾಗಿ ಬಂತೆಂಬ ವೈಚಿತ್ರ್ಯವನ್ನು ಗಮನಿಸಬೇಕು, ಅಷ್ಟೆ.

ಕನ್ನಡಿಗರ ಪೂರ್ವದ ಏರ್ಪಾಡುಗಳನ್ನು ಇದರ ಮಗ್ಗುಲಲ್ಲಿಟ್ಟು ನೋಡಬೇಕು. ನಮ್ಮ ಶಾಸನಗಳಲ್ಲಿ ಕೆರೆಯ ಹಣಕಾಸಿಗೆ ಒಂದು ಸ್ವತಂತ್ರವಾದ ಪರಿಭಾಷೆಯೇ ಇದೆ. ಕೆರೆಯನ್ನು ಕಟ್ಟಿಸಿದವನಿಗೋ ಒಡೆದದ್ದನ್ನು ಸರಿಪಡಿಸಿದವನಿಗೋ ಅದರ ಕೆಳಗಿನ ಗದ್ದೆಯಲ್ಲಿ ಹತ್ತರಲ್ಲೊಂದರ ಪಾಲನ್ನು ಕೊಡುವುದು ದಶವಂದ. ಕಟ್ಟಿದ್ದಕ್ಕೂ ಕಾಪಾಡುವುದಕ್ಕೂ ತೆರಿಗೆಯಿಲ್ಲದ ಭೂಮಿಯನ್ನು ಬಿಡುವುದು ಕಟ್ಟುಗೊಡಗೆ. ದುರಸ್ತಿಗೆಂದು ಭೂಮಿಯನ್ನೋ ಬೆಳೆಯ ಪಾಲನ್ನೋ ಎತ್ತಿಡುವುದು ಬಿತ್ತುವಟ್ಟ. ವಿಜಯನಗರದ ಕಾಲದಲ್ಲಿ ಕೆರೆಯ ಹೂಳೆತ್ತುವ ಬಂಡಿಗೂ ಕೋಣಗಳಿಗೂ ಹೆಸರಿಟ್ಟು ಭೂಮಿ ಬಿಟ್ಟದ್ದುಂಟು. ಇವುಗಳಲ್ಲಿ ವಿಶೇಷವಾದದ್ದು ದಾನದ ಪುಣ್ಯವಲ್ಲ, ಕರಾರಿನ ಕಟ್ಟು. ಬಂಡವಾಳ ಹೂಡಿದವನ ಪ್ರತಿಫಲವು ಕೆರೆಯ ನೀರಿಗೇ ಅಂಟಿಕೊಂಡಿದೆ. ಕೆರೆ ಒಡೆದರೆ ಅವನ ಪಾಲೂ ಒಣಗುತ್ತದೆ. ಕಟ್ಟುವ ಹಣ, ಕಾಪಾಡುವ ಹಣ ಎರಡನ್ನೂ ಒಂದೇ ಕಲ್ಲಿನ ಮೇಲೆ ಬರೆದಿದ್ದಾರೆ. ಮದ್ರಾಸ್ ಕಂಪನಿಯ ಪಾಲುದಾರನ ಶೇಕಡಾ 5ಕ್ಕೂ ಈ ದಶವಂದಕ್ಕೂ ಇರುವ ಅಂತರವನ್ನು ಬೇರೆ ಹೇಳಬೇಕಾಗಿಲ್ಲ.

ಕೃಷ್ಣದೇವರಾಯನ ರಾಜಧಾನಿಯ ಹೊರವಲಯದ ದೊಡ್ಡ ಕೆರೆಯನ್ನು ಕುರಿತು ಪೋರ್ಚುಗೀಸನಾದ ನೂನಿಜನು ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಆ ನೀರಿನ ಕೆಳಗೆ ನೆಲವನ್ನು ಅಚ್ಚುಕಟ್ಟು ಮಾಡಿಕೊಳ್ಳುವವರಿಗೆ ಅರಸನು ಒಂಬತ್ತು ವರ್ಷ ತೆರಿಗೆಯನ್ನು ಬಿಟ್ಟನಂತೆ. ಆಮೇಲೆ ಆ ನೆಲದಿಂದ 20,000 ಪರ್ದಾವ್ ಹುಟ್ಟುವಳಿ ಬಂದಿತಂತೆ. ಫಲ ಕೈಗೂಡಿದ ಮೇಲೆ ಕರ ಎಂಬ ಈ ತತ್ತ್ವಕ್ಕೆ ಇಂದಿನ ಯೋಜನಾ ವರದಿಗಳಲ್ಲಿ ಸರಿಸಾಟಿ ಸಿಕ್ಕುವುದು ಕಷ್ಟ. ಹಾಗೆಂದು ಪೂರ್ವಕಾಲವನ್ನು ಸುವರ್ಣಯುಗವೆಂದು ಎತ್ತಿಹಿಡಿಯುವುದೂ ಸಲ್ಲದು. 1369ರ ಪೋರುಮಾಮಿಳ್ಳ ಶಾಸನವು ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುದನ್ನು ಹೇಳುತ್ತದೆ. ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಎಣಿಸುವಾಗ ಧರ್ಮಿಷ್ಠನೂ ಧನವಂತನೂ ಆದ ಅರಸನನ್ನೇ ಮೊದಲಿಗೆ ನಿಲ್ಲಿಸುತ್ತದೆ. ಆಳಿನ ಕೂಲಿಯನ್ನು ಅದು ಎಣಿಸುವುದಿಲ್ಲ. ನೀರಿನಲ್ಲಿ ಮುಳುಗಿದ ಹೊಲದ ಒಡೆಯನ ಮಾತನ್ನೆತ್ತುವ ಶಾಸನಗಳಂತೂ ವಿರಳ.

ಫಲಕ್ಕೆ ಮುಂಚೆ ಕರ ಕೇಳಿದರೆ ಏನಾಗುತ್ತದೆಂಬುದನ್ನು ಮಲಪ್ರಭೆಯ ಅಚ್ಚುಕಟ್ಟು ತೋರಿಸಿತು. ನವಿಲುತೀರ್ಥದ ಜಲಾಶಯದ ಕೆಳಗೆ ನರಗುಂದ ನವಲಗುಂದಗಳ ಎರೆಭೂಮಿಯ ರೈತರ ಮೇಲೆ ಸರಕಾರವು ಅಭಿವೃದ್ಧಿ ಕರವನ್ನು ಹೇರಿತ್ತು. ಸಾರ್ವಜನಿಕ ಹಣದಿಂದ ನೆಲದ ಬೆಲೆ ಏರಿದರೆ ಆ ಏರಿಕೆಯ ಒಂದಂಶ ಸಾರ್ವಜನಿಕಕ್ಕೆ ಸಲ್ಲಬೇಕೆಂಬುದು ಆ ಕರದ ಆಧಾರ. ತತ್ತ್ವ ನಿರ್ದುಷ್ಟವಾದದ್ದು, ಅರ್ಥಶಾಸ್ತ್ರದ ಯಾವ ಪಾಠಪುಸ್ತಕವೂ ಅದನ್ನು ಅಲ್ಲಗಳೆಯದು. ಆದರೆ ಕರದ ನೋಟೀಸು ಕಾಲುವೆಯ ನೀರಿಗಿಂತ ಮುಂದಾಗಿ ಹೊಲವನ್ನು ತಲುಪಿತು. ಎಷ್ಟೋ ಹೊಲಗಳಲ್ಲಿ ಏರಿದ್ದು ಬೆಲೆಯಲ್ಲ, ಬಾಕಿ. 1980ರ ಜುಲೈ 21ರಂದು ಎರಡೂ ಊರುಗಳಲ್ಲಿ ಪೋಲೀಸರ ಗುಂಡಿಗೆ ರೈತರು ಬಲಿಯಾದರು, ಪೋಲೀಸರೂ ಸತ್ತರು. ಕರ್ನಾಟಕದ ರೈತ ಚಳವಳಿಯ ಇತಿಹಾಸವು ಆ ದಿನದಿಂದ ಬೇರೊಂದು ಹಾದಿಗೆ ತಿರುಗಿತು. ಕರವಸೂಲಿಯ ಕಾಲನಿರ್ಣಯದಲ್ಲಿ ಆದ ತಪ್ಪಿಗೆ ಪ್ರಾಣದ ಬೆಲೆ ತೆತ್ತ ಇಂಥ ಉದಾಹರಣೆ ನೀರಾವರಿಯ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಇದಾದ ಮೇಲೆ ಅಚ್ಚುಕಟ್ಟಿನ ರೈತನಿಂದ ಬಂಡವಾಳವನ್ನು ಎತ್ತುವ ಧೈರ್ಯ ಸರಕಾರಗಳಿಗೆ ಉಳಿಯಲಿಲ್ಲ. ಇತ್ತ ಕೃಷ್ಣಾ ಜಲವಿವಾದದಲ್ಲಿ ಬಚಾವತ್ ನ್ಯಾಯಮಂಡಳಿಯು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿ.ಎಂ.ಸಿ. ನೀರನ್ನು ಹಂಚಿ, 2000ದ ಮೇ 31ರ ತರುವಾಯ ಮರುವಿಮರ್ಶೆಗೆ ಎಡೆಯಿಟ್ಟಿತ್ತು. ಅಷ್ಟರೊಳಗೆ ತನ್ನ ಪಾಲನ್ನು ಕೂಡಿಡದವನು ಅದನ್ನು ಕಳೆದುಕೊಂಡಾನೆಂಬ ಭಯ ಎರಡು ರಾಜ್ಯಗಳನ್ನೂ ಹಿಡಿಯಿತು. 1994ರಲ್ಲಿ ಕರ್ನಾಟಕವು ಕೃಷ್ಣಾ ಭಾಗ್ಯ ಜಲ ನಿಗಮವನ್ನು ಕಂಪನಿಯ ರೂಪದಲ್ಲಿ ಸ್ಥಾಪಿಸಿತು. 1996ರಲ್ಲಿ ಮಹಾರಾಷ್ಟ್ರವು ಶಾಸನದ ಮೂಲಕ ಕೃಷ್ಣಾ ಕಣಿವೆ ಅಭಿವೃದ್ಧಿ ಮಹಾಮಂಡಳವನ್ನು ಪುಣೆಯಲ್ಲಿ ಸ್ಥಾಪಿಸಿತು. ಎರಡೂ ಸಾಲಪತ್ರಗಳನ್ನು ಹೊರಡಿಸಿ ಪೇಟೆಯಿಂದ ಹಣವೆತ್ತಿದವು. ಎರಡರ ಬೆನ್ನಿಗೂ ರಾಜ್ಯ ಸರಕಾರದ ಜಾಮೀನಿತ್ತು. ಆಲಮಟ್ಟಿ ಏರಿದ್ದೂ ಭೋರ್ ತಾಲೂಕಿನಲ್ಲಿ ನೀರಾ ದೇವಘರ್ ಎಂಬ ಎರಡನೆಯ ದೊಡ್ಡ ಜಲಾಶಯ ಎದ್ದದ್ದೂ ಈ ಧಾವಂತದಲ್ಲಿ.

ಸಾಲಪತ್ರವೆಂದರೆ ಕೊಂಡವನು ನೋಡುವುದು ನೀರನ್ನಲ್ಲ, ಜಾಮೀನನ್ನು. ನಿಗಮವು ನೀರು ಮಾರಿ ಬಡ್ಡಿ ತೆರುವ ಸ್ಥಿತಿಯಲ್ಲಿ ಇರಲಿಲ್ಲ. ಬಡ್ಡಿಯನ್ನೂ ಅಸಲನ್ನೂ ತೆತ್ತದ್ದು ಬಹುತೇಕ ರಾಜ್ಯದ ಮುಂಗಡಪತ್ರವೇ. ಮುಂಗಡಪತ್ರದಲ್ಲಿ ಕಾಣದಂತೆ ಸಾಲ ಮಾಡಿ, ಮುಂಗಡಪತ್ರದಿಂದಲೇ ತೀರಿಸುವ ಈ ವಿಧಾನಕ್ಕೆ ವಿತ್ತಶಾಸ್ತ್ರದಲ್ಲಿ ಯಾವ ಹೆಸರಿದ್ದರೂ ಅದು ಹಳೆಯ ಖಾತರಿಯ ಪದ್ಧತಿಯೇ. ಲಂಡನ್ನಿನ ಬದಲು ಪಾಲುದಾರನು ಮುಂಬಯಿಯಲ್ಲಿದ್ದಾನೆ, ಅಷ್ಟೆ ವ್ಯತ್ಯಾಸ. ಜಾಮೀನೂ ಎಷ್ಟು ಗಟ್ಟಿಯೆಂಬುದಕ್ಕೆ ನರ್ಮದೆಯ ದಂಡೆಯಿಂದ ಒಂದು ನಿದರ್ಶನವನ್ನು ಕೊಡಬಹುದು. 1993ರಲ್ಲಿ ಸರ್ದಾರ್ ಸರೋವರ ನಿಗಮವು 3,600 ರೂಪಾಯಿಗೆ ಮಾರಿದ ಸಾಲಪತ್ರಕ್ಕೆ 2014ರಲ್ಲಿ 1,11,000 ರೂಪಾಯಿ ಕೊಡುವುದಾಗಿ ಮಾತಿತ್ತಿತ್ತು. ಮಗಳ ಮದುವೆಗೆಂದು ಅದನ್ನು ಕೊಂಡು ಪೆಟ್ಟಿಗೆಯಲ್ಲಿಟ್ಟ ಮಧ್ಯಮವರ್ಗದ ಕುಟುಂಬಗಳು ಕಡಮೆಯಿಲ್ಲ. ಬಡ್ಡಿಯ ದರಗಳು ಇಳಿದ ಮೇಲೆ ಆ ಮಾತು ಭಾರವೆನಿಸಿ, 2008ರಲ್ಲಿ ಗುಜರಾತ ಸರಕಾರವು ಕಾಯಿದೆಯನ್ನೇ ಮಾಡಿ, 2009ರ ಜನವರಿಯಲ್ಲಿ 50,000 ರೂಪಾಯಿಯ ಲೆಕ್ಕದಲ್ಲಿ ವ್ಯವಹಾರವನ್ನು ಚುಕ್ತಾ ಮಾಡಿತು.

ನೀರಾ ದೇವಘರಿನ ವಿಷಯದಲ್ಲಿ ಕಟ್ಟೆ ಮೊದಲು ಮುಗಿಯಿತು, ಕಾಲುವೆಗಳು ಬಹುಕಾಲ ಅಪೂರ್ಣವಾಗಿ ಉಳಿದವು. ನ್ಯಾಯಮಂಡಳಿಯ ಗಡುವು ನೀರು ಕೂಡಿಡುವುದನ್ನು ಕೇಳಿತ್ತೇ ಹೊರತು ಹೊಲಕ್ಕೆ ತಲುಪಿಸುವುದನ್ನು ಕೇಳಿರಲಿಲ್ಲವೆಂದು ತೋರುತ್ತದೆ. ನಿಂತ ನೀರು ಆಗಲೇ ಇದ್ದ ಹಳೆಯ ಕಾಲುವೆಗಳ ಕಡೆಗೆ ಹೋಯಿತು. ಅದು ಎಡದಂಡೆಗೋ ಬಲದಂಡೆಗೋ ಎಂಬ ವಾದವು 2019ರಲ್ಲಿ ಮಂತ್ರಾಲಯದ ಬಾಗಿಲವರೆಗೆ ಏರಿತು. ಆ ವಾದದಲ್ಲಿ ಬಾರಾಮತಿಯ ಹೆಸರು ಕೇಳಿಬಂತು, ಫಲಟಣ ಮಾಳಶಿರಸಗಳ ಹೆಸರು ಕೇಳಿಬಂತು. ಭೋರಿನ ಹೆಸರು ಬಂದದ್ದು ಜಲಾಶಯದ ವಿಳಾಸವಾಗಿ ಮಾತ್ರ.

ಲೆಕ್ಕದ ಕ್ರಮದಲ್ಲೇ ಇದಕ್ಕೆ ಕಾರಣವಿದೆ. ಜಲಾಶಯಕ್ಕೆ ಕೊಟ್ಟ ಹಣವು ಬಂಡವಾಳವೆನಿಸಿ ವರ್ಷವರ್ಷವೂ ಬಡ್ಡಿಗೆ ಹಕ್ಕುಳ್ಳದ್ದಾಗುತ್ತದೆ. ಅದೇ ಜಲಾಶಯಕ್ಕೆ ಕೊಟ್ಟ ನೆಲಕ್ಕೆ ಪರಿಹಾರವೆಂಬ ಒಂದು ಬಾಬ್ತು ಬೀಳುತ್ತದೆ. ಅದನ್ನು ಒಮ್ಮೆ ಖರ್ಚು ಬರೆದರೆ ಮುಗಿಯಿತು, ಆ ಖಾತೆಯನ್ನು ಮತ್ತೆ ತೆರೆಯುವುದಿಲ್ಲ. ಇವೆರಡರಲ್ಲಿ ನೆಲವೇ ಮರಳಿ ಸಿಕ್ಕದ ವಸ್ತು. 1921ರಿಂದ ಮೂರು ವರ್ಷ ಇದೇ ಜಿಲ್ಲೆಯ ಮುಳಶಿಯಲ್ಲಿ ಸೇನಾಪತಿ ಬಾಪಟರ ಮುಂದಾಳುತನದಲ್ಲಿ ಮಾವಳದ ರೈತರು ಟಾಟಾ ಕಂಪನಿಯ ಅಣೆಕಟ್ಟಿಗೆ ಎದುರಾಗಿ ಸತ್ಯಾಗ್ರಹ ಹೂಡಿದಾಗ, ಅವರ ಮಾತಿನ ತಿರುಳು ಇದೇ ಆಗಿತ್ತು. ಅಂದು ಅದನ್ನು ಭಾವನೆಯ ಮಾತೆಂದು ತಳ್ಳಿದರು. ವಾಸ್ತವವಾಗಿ ಅದು ಜಮಾಖರ್ಚಿನ ಮಾತು. 1976ರಲ್ಲಿ ಮಹಾರಾಷ್ಟ್ರವು ಯೋಜನೆಯಿಂದ ನೆಲೆ ತಪ್ಪಿದವರ ಪುನರ್ವಸತಿಗೆ ಕಾಯಿದೆಯನ್ನು ಮಾಡಿ, ಅಚ್ಚುಕಟ್ಟಿನಲ್ಲೇ ಅವರಿಗೆ ಭೂಮಿ ಕೊಡಬೇಕೆಂಬ ನಿಯಮವನ್ನು ತಂದದ್ದು ದಶವಂದದ ತತ್ತ್ವಕ್ಕೆ ಹತ್ತಿರವಾದ ಮೊದಲ ಹೆಜ್ಜೆ: ನೆಲ ಕೊಟ್ಟವನಿಗೆ ನೀರಿನಲ್ಲಿ ಪಾಲು. ಅದು ಭಾಟಘರಿಗೆ ಅರ್ಧ ಶತಮಾನ ತಡವಾಗಿ ಬಂತು. ದೇವಘರಿನ ಕಾಲಕ್ಕೆ ಇತ್ತು; ಆದರೆ ಕಾಲುವೆಯೇ ಮುಗಿಯದಿರುವಾಗ ಅಚ್ಚುಕಟ್ಟಿನ ಭೂಮಿ ಎಂಬ ಮಾತಿಗೆ ಎಷ್ಟು ಅರ್ಥವಿದ್ದೀತು?

ಸಹ್ಯಾದ್ರಿಯ ಬೆನ್ನಿಗಿರುವ ಭೋರ್ ತಾಲೂಕಿನಲ್ಲಿ ಮಳೆಗಾಲದ ಮಳೆಗೆ ಕೊರತೆಯಿಲ್ಲ. ಆದರೂ ಬೇಸಗೆಯಲ್ಲಿ, ಭಾಟಘರ್ ದೇವಘರ್ ಎರಡರ ನೀರೂ ಕೆಳಗಿನ ತಾಲೂಕುಗಳ ಸರದಿಗೆ ಇಳಿದುಹೋಗುವ ತಿಂಗಳುಗಳಲ್ಲಿ, ಅದರ ಕೆಲವು ಗುಡ್ಡಗಾಡು ಹಳ್ಳಿಗಳಿಗೆ ಕುಡಿಯುವ ನೀರು ಟ್ಯಾಂಕರಿನಲ್ಲಿ ಹೋಗಬೇಕಾಗುತ್ತದೆ. ಆ ಟ್ಯಾಂಕರಿನ ಬಾಡಿಗೆಯನ್ನು ನೀರಾವರಿಯ ಲೆಕ್ಕಕ್ಕೆ ಬರೆಯುವುದಿಲ್ಲ. ಅದು ಬೀಳುವುದು ಅಭಾವ ಪರಿಹಾರದ ಬಾಬ್ತಿಗೆ, 1878ರಲ್ಲಿ ನೀರಾ ಕಾಲುವೆಗೆ ಹಣ ಕೊಟ್ಟ ಶೀರ್ಷಿಕೆಯ ವಂಶದ್ದೇ ಆದ ಇನ್ನೊಂದು ಶೀರ್ಷಿಕೆಗೆ.